ಎಲ್‌ಪಿ ತಟ್ಟೆಗೆ ನಿಕ್ಕಲ್ ಅಚ್ಚು: ನಮ್ಮ ಕಡೆಯೇ ಮಾಡಿಸಬಹುದಾ?

ಕುಂಬಳೆ ಕೇಳುಗ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ನಾವು ಕೆಲವರು ಸೇರಿ ತೆಂಕುತಿಟ್ಟಿನ ಭಾಗವತಿಕೆಯ ಒಂದು ಎಲ್‌ಪಿ ತರಬೇಕು ಅಂತ ಹೊರಟಿದ್ದೇವೆ. ಪಾರ್ತಿಸುಬ್ಬನ ಊರಿನವರು ನಾವು. ಚೆಂಡೆ ಮದ್ದಳೆ ಕೇಳುತ್ತಲೇ ಬೆಳೆದವರು. ಕ್ಯಾಸೆಟ್ಟಿನ ಕಾಲದಲ್ಲಿ ಯಕ್ಷಗಾನ ನಮ್ಮ ಮನೆಮನೆಗೆ ಬಂತು. ಆದರೆ ಆ ಟೇಪುಗಳೆಲ್ಲ ಈಗ ಬೂಷ್ಟು ಹಿಡಿದಿವೆ. ಈ ಸಲ ಬಾಳಿಕೆ ಬರುವ ರೂಪದಲ್ಲಿ ಒಂದು ಕೆಲಸ ಆಗಲಿ ಅಂತ ಆಸೆ.

ಧ್ವನಿಮುದ್ರಣ ಮುಗಿದಿದೆ. 300 ತಟ್ಟೆ ಒತ್ತಿಸಿದರೆ ನಮಗೆ ಸಾಕು. ಲ್ಯಾಕರ್, ಅಂದರೆ ಹಾಡಿನ ಗೆರೆ ಕೊರೆಯುವ ಮೂಲ ತಟ್ಟೆ, ಅದನ್ನು ಹೊರದೇಶದಲ್ಲಿ ಕೊರೆಸುವ ಯೋಚನೆ ಇದೆ. ನಡುವೆ ಬರುವ ಲೋಹದ ಅಚ್ಚಿನ ಕೆಲಸದ ಬಗ್ಗೆ ನನಗೆ ಏನೂ ಸರಿಯಾಗಿ ಗೊತ್ತಾಗುತ್ತಿಲ್ಲ. ನಾವು ವಿಚಾರಿಸಿದ ಒಬ್ಬ ಮಧ್ಯವರ್ತಿ ಬಿಲ್ಲಿನಲ್ಲಿ ಬರೀ "ಮೆಟಲ್ ವರ್ಕ್" ಅಂತ ಬರೆದು ದೊಡ್ಡ ಮೊತ್ತ ಹಾಕಿದ್ದಾರೆ. ಅದರೊಳಗೆ ಏನೇನು ಇದೆ ಅಂತ ಕೇಳಿದರೆ ಉತ್ತರ ಇಲ್ಲ.

ಹೊಸೂರಿನಲ್ಲಿ ಅಷ್ಟೊಂದು ಪ್ಲೇಟಿಂಗ್ ಶೆಡ್ಡುಗಳಿವೆ. ದಿನಾ ನಿಕ್ಕಲ್ ಹಾಕುತ್ತಾರೆ. ಅಲ್ಲೇ ಸ್ಟ್ಯಾಂಪರ್, ಅಂದರೆ ತಟ್ಟೆ ಒತ್ತುವ ಲೋಹದ ಅಚ್ಚು, ಮಾಡಿಸಲು ಆಗುವುದಿಲ್ಲವಾ? ಕೆಲಸ ಗೊತ್ತಿರುವವರು ಬಿಡಿಸಿ ಹೇಳಿದರೆ ಉಪಕಾರ.

ಹೊಸೂರು ಪ್ಲೇಟರ್

ನಾನು ಹೊಸೂರಿನಲ್ಲಿ ಇದೇ ಕೆಲಸದಲ್ಲಿ ಇರುವವನು. ಊರು ಡೆಂಕಣಿಕೋಟೆ ಕಡೆ. ನೇರವಾಗಿಯೇ ಹೇಳುತ್ತೇನೆ. ಬೋಲ್ಟು, ಹ್ಯಾಂಡಲ್‌ಗಳಿಗೆ ನಿಕ್ಕಲ್ ಹಾಕುವ ಟ್ಯಾಂಕಿನಲ್ಲಿ ಸ್ಟ್ಯಾಂಪರ್ ಬೆಳೆಸಲು ಆಗುವುದಿಲ್ಲ. ಎರಡೂ ನಿಕ್ಕಲ್ಲೇ, ಆದರೆ ಕೆಲಸ ಬೇರೆ. ಬೋಲ್ಟಿನ ಮೇಲೆ ಕೂರುವುದು ಕೆಲವೇ ಮೈಕ್ರಾನ್ ಪದರ. ಅದು ಕಬ್ಬಿಣವನ್ನು ಕಚ್ಚಿಕೊಂಡೇ ಇರಬೇಕು. ಸ್ಟ್ಯಾಂಪರ್ ಸುಮಾರು ಕಾಲು ಮಿಲಿಮೀಟರ್ ದಪ್ಪ. ಅದು ಕೊನೆಗೆ ಕಳಚಿ ಬರಬೇಕು, ಬಂದ ಮೇಲೆ ಮುರುಟದೆ ಚಪ್ಪಟೆಯಾಗಿ ಕೂರಬೇಕು. ಇದಕ್ಕೆ ಎಲೆಕ್ಟ್ರೋಫಾರ್ಮಿಂಗ್ ಅನ್ನುತ್ತಾರೆ.

ಮೊದಲು ಸರಣಿ ಹೇಳಿಬಿಡುತ್ತೇನೆ, ಆಮೇಲೆ ಮಾತು ಸುಲಭ. ಅಲ್ಯುಮಿನಿಯಂ ತಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿದಿರುತ್ತಾರೆ. 12 ಇಂಚಿನ ಎಲ್‌ಪಿಗೆ 14 ಇಂಚಿನ ಲ್ಯಾಕರ್. ಅದರಲ್ಲಿ ಬಿಸಿ ಮಾಡಿದ ಮುಳ್ಳಿನಿಂದ ಗೆರೆ ಕೊರೆಯುತ್ತಾರೆ. ಲ್ಯಾಕರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಅದರ ಮೇಲೆ ತೆಳು ಬೆಳ್ಳಿ ಪದರ ಕೂರಿಸಬೇಕು. ಬೆಳ್ಳಿಯ ಮೇಲೆ ನಿಕ್ಕಲ್ ಬೆಳೆಸಿ ಕಳಚಿದರೆ ಸಿಗುವುದು ಫಾದರ್. ಅದರಲ್ಲಿ ಗೆರೆ ತಗ್ಗಿನ ಬದಲು ಉಬ್ಬಾಗಿರುತ್ತದೆ. ಫಾದರ್ ಮೇಲೆ ಮತ್ತೆ ನಿಕ್ಕಲ್ ಬೆಳೆಸಿದರೆ ಮದರ್. ಮದರಿನಲ್ಲಿ ಗೆರೆ ಮತ್ತೆ ತಗ್ಗು, ಅದನ್ನು ಪ್ಲೇಯರಿಗೆ ಹಾಕಿ ಕೇಳಲೂಬಹುದು. ಮದರ್ ಮೇಲೆ ಬೆಳೆಸಿದ್ದು ಸ್ಟ್ಯಾಂಪರ್. ಪ್ರೆಸ್ಸಿಗೆ ಹೋಗುವುದು ಅದೇ. ಒಂದು ಸ್ಟ್ಯಾಂಪರ್ ಸಾಮಾನ್ಯವಾಗಿ 1000 ತಟ್ಟೆಯ ಆಸುಪಾಸು ತಾಳುತ್ತದೆ.

ಇನ್ನು ಟ್ಯಾಂಕಿನ ವಿಷಯ. ನಮ್ಮ ಊರಿನ ಬ್ರೈಟ್ ನಿಕ್ಕಲ್ ಟ್ಯಾಂಕಿನಲ್ಲಿ ಹೊಳಪಿಗೆ ಅಂತ ಬ್ರೈಟ್ನರ್ ಹಾಕಿರುತ್ತಾರೆ. ಅದರಿಂದ ಪದರದೊಳಗೆ ಎಳೆತ ಜಾಸ್ತಿ, ಗಡಸುತನ ಜಾಸ್ತಿ. 10 ಮೈಕ್ರಾನಿಗೆ ಅದು ತೊಂದರೆ ಕೊಡುವುದಿಲ್ಲ. 250 ಮೈಕ್ರಾನ್ ಬೆಳೆಸಲು ಹೋದರೆ ಬಿರಿಯುತ್ತದೆ, ಇಲ್ಲವೇ ಲ್ಯಾಕರಿನಿಂದ ಅರ್ಧದಲ್ಲೇ ಎದ್ದು ಬರುತ್ತದೆ. ಅದಕ್ಕೇ ಈ ಕೆಲಸಕ್ಕೆ ನಿಕ್ಕಲ್ ಸಲ್ಫಮೇಟ್ ಬಾತ್, ಅಂದರೆ ಟ್ಯಾಂಕಿನ ದ್ರಾವಣ. ಲೀಟರಿಗೆ 300ರಿಂದ 450 ಗ್ರಾಂ ಸಲ್ಫಮೇಟ್, 30ರಿಂದ 45 ಗ್ರಾಂ ಬೋರಿಕ್ ಆಸಿಡ್, ಆನೋಡು ಚೆನ್ನಾಗಿ ಕರಗಲು ಸ್ವಲ್ಪ ಕ್ಲೋರೈಡ್. ಪಿಎಚ್ 4ರ ಹತ್ತಿರ. ಟೈಟಾನಿಯಂ ಬುಟ್ಟಿಯಲ್ಲಿ ನಿಕ್ಕಲ್ ಗುಂಡು, ಬುಟ್ಟಿಗೆ ಬಟ್ಟೆಯ ಚೀಲ, ಕ್ಯಾಥೋಡ್ ತಿರುಗುತ್ತಲೇ ಇರಬೇಕು. ದ್ರಾವಣ ಹಗಲು ರಾತ್ರಿ ಫಿಲ್ಟರಿನಲ್ಲಿ ಓಡುತ್ತಿರಬೇಕು.

ಲೆಕ್ಕ ಬೇಕಾದವರಿಗೆ: ಒಂದು ಚದರ ಡೆಸಿಮೀಟರಿಗೆ 1 ಆಂಪಿಯರ್ ಕೊಟ್ಟರೆ ಗಂಟೆಗೆ ಸುಮಾರು 12.3 ಮೈಕ್ರಾನ್ ನಿಕ್ಕಲ್ ಕೂರುತ್ತದೆ. 14 ಇಂಚಿನ ತಟ್ಟೆಯ ಒಂದು ಮುಖ ಹೆಚ್ಚುಕಡಿಮೆ 10 ಚದರ ಡೆಸಿಮೀಟರ್. ಅಂದರೆ 200 ಆಂಪಿಯರ್ ಹರಿಸಿದರೆ ಒಂದು ಗಂಟೆಗೆ ಕಾಲು ಮಿಲಿಮೀಟರ್ ಆಗುತ್ತದೆ. ಅಷ್ಟಕ್ಕೆ ಸುಮಾರು 220 ಗ್ರಾಂ ನಿಕ್ಕಲ್. ಲೋಹದ ಖರ್ಚು ದೊಡ್ಡದಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ನೀವು ದುಡ್ಡು ಕೊಡುವುದು ಶುದ್ಧಿಗೆ, ತಾಳ್ಮೆಗೆ, ಕೈ ಪಳಗಿದವರಿಗೆ.

ಆದರೆ ಈ 200 ಆಂಪಿಯರನ್ನು ಲ್ಯಾಕರಿಗೆ ಶುರುವಿನಲ್ಲೇ ಕೊಟ್ಟರೆ ಬೆಳ್ಳಿ ಸುಟ್ಟು ಹೋಗುತ್ತದೆ. ಲ್ಯಾಕರ್ ಬಿಸಿಯನ್ನೂ ತಡೆಯುವುದಿಲ್ಲ. ಮೊದಲು ತಣ್ಣಗಿನ ಬಾತಿನಲ್ಲಿ, ತೀರಾ ಕಡಿಮೆ ಕರೆಂಟಿನಲ್ಲಿ ತೆಳು ಪದರ ಕೂರಿಸಬೇಕು. ಆಮೇಲೆ ಮೆಲ್ಲ ಮೆಲ್ಲ ಏರಿಸಬೇಕು. ತಟ್ಟೆಯ ಸದ್ದು ಉಳಿಯುವುದೋ ಕೆಡುವುದೋ ಆ ಮೊದಲ ಪದರದಲ್ಲೇ ತೀರ್ಮಾನ ಆಗುತ್ತದೆ. ಹಿಂದೆ ಬರುವ ನಿಕ್ಕಲ್ ಎಲ್ಲ ಬರೀ ಬೆನ್ನಿಗೆ ಆಸರೆ.

ಕುಂಬಳೆ ಕೇಳುಗ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಳೆತ ಅಂದಿರಲ್ಲ, ಅದು ಬಿಸಿಲಿಗೆ ಬಿದ್ದ ಅಡಿಕೆ ಹಾಳೆ ಮುರುಟಿಕೊಳ್ಳುವ ಹಾಗೆ ಅಲ್ವಾ? ಒಂದು ಮಗ್ಗುಲು ಎಳೆದರೆ ಇಡೀ ಹಾಳೆ ದೋಣಿಯ ಹಾಗೆ ಆಗುತ್ತದೆ. ಅದನ್ನು ಮೊದಲೇ ಅಳೆಯಲು ದಾರಿ ಇದೆಯಾ?

ಹೊಸೂರು ಪ್ಲೇಟರ್

ಹೌದು, ಹೆಚ್ಚುಕಡಿಮೆ ಹಾಗೇ. ತೆಳು ಪಟ್ಟಿಯ ಒಂದೇ ಮುಖಕ್ಕೆ ನಿಕ್ಕಲ್ ಕೂರಿಸಿ ಅದು ಎಷ್ಟು ಬಾಗಿತು ಅಂತ ನೋಡುತ್ತೇವೆ. ಸುರುಳಿ ಪಟ್ಟಿಯ ಉಪಕರಣವೂ ಇದೆ. ಪಟ್ಟಿ ನಿಕ್ಕಲ್ ಇರುವ ಕಡೆಗೆ ಬಾಗಿದರೆ ಎಳೆತ, ಆಚೆಗೆ ಬಾಗಿದರೆ ಒತ್ತಡ. ನಮಗೆ ಎರಡೂ ಸೊನ್ನೆಯ ಹತ್ತಿರ ಬೇಕು. ಸ್ವಲ್ಪ ಸ್ಯಾಕರಿನ್ ಹಾಕಿದರೆ ಎಳೆತ ಇಳಿಯುತ್ತದೆ. ಆದರೆ ಅದು ಕೈ ಮೀರಬಾರದು. ಸ್ಯಾಕರಿನ್‌ನಿಂದ ನಿಕ್ಕಲ್ಲಿಗೆ ಗಂಧಕ ಸೇರುತ್ತದೆ, ಲೋಹ ಪೆಡಸಾಗುತ್ತದೆ.

ಇನ್ನೊಂದು ಮಾತು. ಸಲ್ಫಮೇಟ್ ಬಾತನ್ನು 70 ಡಿಗ್ರಿ ದಾಟಲು ಬಿಡಬಾರದು. ಜಾಸ್ತಿ ಬಿಸಿಯಾದರೆ ಸಲ್ಫಮೇಟ್ ಒಡೆದು ಅಮೋನಿಯಂ ಮತ್ತು ಸಲ್ಫೇಟ್ ಆಗುತ್ತದೆ. ಆಮೇಲೆ ಎಷ್ಟು ಸ್ಯಾಕರಿನ್ ಸುರಿದರೂ ಎಳೆತ ಹತೋಟಿಗೆ ಬರುವುದಿಲ್ಲ.

ರಸಾಯನ ಮೇಷ್ಟ್ರು, ಮಂಜೇಶ್ವರ

ಬೆಳ್ಳಿಯ ಬಗ್ಗೆ ನಾನು ಹೇಳುತ್ತೇನೆ. ಈ ಸರಣಿಯಲ್ಲಿ ಅಪಾಯ ಇರುವುದು ಅಲ್ಲೇ, ಚಂದ ಇರುವುದೂ ಅಲ್ಲೇ.

ಕಾಲೇಜಿನ ಲ್ಯಾಬಿನಲ್ಲಿ ಟೆಸ್ಟ್‌ಟ್ಯೂಬಿನ ಒಳಗೆ ಬೆಳ್ಳಿ ಕನ್ನಡಿ ಮೂಡಿಸಿದ್ದು ನೆನಪಿದೆಯಾ? ಅದೇ ಪ್ರಕ್ರಿಯೆ. ಲ್ಯಾಕರನ್ನು ಮೊದಲು ಸೌಮ್ಯ ಸಾಬೂನಿನಿಂದ ತೊಳೆಯುತ್ತಾರೆ. ಆಮೇಲೆ ಸ್ಟ್ಯಾನಸ್ ಕ್ಲೋರೈಡ್ ದ್ರಾವಣ ಹಾಯಿಸುತ್ತಾರೆ. ತವರದ ಅಯಾನುಗಳು ಲ್ಯಾಕರಿನ ಮೈಮೇಲೆ ಹಿಡಿದುಕೊಳ್ಳುತ್ತವೆ. ಚೆನ್ನಾಗಿ ತೊಳೆದ ಮೇಲೆ ಎರಡು ಮೂತಿಯ ಸ್ಪ್ರೇ ಗನ್ ಬರುತ್ತದೆ. ಒಂದು ಮೂತಿಯಲ್ಲಿ ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟ್. ಇನ್ನೊಂದರಲ್ಲಿ ಗ್ಲೂಕೋಸಿನಂಥ ಅಪಕರ್ಷಕ. ಎರಡೂ ತಟ್ಟೆಯ ಮೇಲೆಯೇ ಸೇರುತ್ತವೆ. ನೋಡನೋಡುತ್ತಲೇ ಕಪ್ಪು ತಟ್ಟೆ ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಕನ್ನಡಿಯಾಗುತ್ತದೆ. ಆ ಪದರದ ದಪ್ಪ ಸುಮಾರು 0.1 ಮೈಕ್ರಾನ್.

ಇಷ್ಟು ತೆಳುವಾಗಿಯೇ ಯಾಕೆ ಇರಬೇಕು ಅನ್ನುವುದಕ್ಕೆ ನಿಮ್ಮ ಚಕ್ರತಾಳವನ್ನೇ ತೆಗೆದುಕೊಳ್ಳಿ. ಅದರ ಮೊನಚು ಇರುವುದು ಮೇಲಿನ ಆವರ್ತನಗಳಲ್ಲಿ. ಎಲ್‌ಪಿಯ ಒಳಗಿನ ಗೆರೆಯಲ್ಲಿ, ಮಧ್ಯದಿಂದ 6 ಸೆಂಟಿಮೀಟರ್ ದೂರದಲ್ಲಿ, ಮುಳ್ಳಿನ ಕೆಳಗೆ ತಟ್ಟೆ ಸೆಕೆಂಡಿಗೆ ಸುಮಾರು 21 ಸೆಂಟಿಮೀಟರ್ ಓಡುತ್ತದೆ. 10 ಸಾವಿರ ಹರ್ಟ್ಝಿನ ಒಂದು ಅಲೆ ಅಲ್ಲಿ 21 ಮೈಕ್ರಾನ್ ಉದ್ದ ಅಷ್ಟೇ. ಅದರ ಏರಿಳಿತ ಇನ್ನೂ ಎಷ್ಟೋ ಸಣ್ಣದು. ಬೆಳ್ಳಿ ದಪ್ಪವಾಗಿ, ಕಾಳುಕಾಳಾಗಿ ಕೂತರೆ ಚಕ್ರತಾಳದ ಜೊತೆ ಒಂದು ಸುಯ್ ಸದ್ದು ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಹೊರಗಿನ ಗೆರೆಯಲ್ಲಿ ವೇಗ 51 ಸೆಂಟಿಮೀಟರ್. ಅಲ್ಲಿ ಜಾಗ ಧಾರಾಳ. ಹಾಗಾಗಿ ಚೆಂಡೆ, ಚಕ್ರತಾಳ ಜೋರಾಗಿ ಇರುವ ಯುದ್ಧದ ಪದಗಳನ್ನು ತಟ್ಟೆಯ ಶುರುವಿಗೆ ಇಡಿ. ಕರುಣ ರಸದ, ನಿಧಾನದ ಪದ ಒಳಗಿನ ಗೆರೆಗೆ ಬರಲಿ.

ನೀರಿನ ಮಾತೂ ಇದೆ. ನಮ್ಮ ಕರಾವಳಿಯ ಬಾವಿಗಳಲ್ಲಿ, ಸಮುದ್ರದ ಹತ್ತಿರ ಅಂತೂ, ಬೇಸಿಗೆಯಲ್ಲಿ ಉಪ್ಪಿನಂಶ ಏರುತ್ತದೆ. ಉಪ್ಪಿನ ಕ್ಲೋರೈಡ್ ಸಿಲ್ವರ್ ನೈಟ್ರೇಟಿಗೆ ತಾಗಿದರೆ ಸಿಲ್ವರ್ ಕ್ಲೋರೈಡ್ ಬಿಳಿ ಪುಡಿಯಾಗಿ ಇಳಿಯುತ್ತದೆ. ಆ ಪುಡಿಯ ಒಂದೊಂದು ಕಣವೂ ತಟ್ಟೆಯಲ್ಲಿ ಒಂದೊಂದು ಟಿಕ್. ಅಯಾನು ತೆಗೆದ ನೀರು ಬಿಟ್ಟು ಬೇರೆ ನೀರು ಈ ಕೋಣೆಯ ಒಳಗೆ ಬರಲೇಬಾರದು.

ಈಗ ಅಪಾಯದ ವಿಷಯ. ಯಾರೂ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೋನಿಯಾ ಬೆರೆತ ಬೆಳ್ಳಿ ದ್ರಾವಣವನ್ನು ಇಟ್ಟುಬಿಟ್ಟರೆ ಅದರಲ್ಲಿ ಸ್ಫೋಟಕ ಕಪ್ಪು ಗಸಿ ಹುಟ್ಟುತ್ತದೆ. ಅದು ಒಣಗಿದರೆ ಮುಟ್ಟಿದರೂ ಸಿಡಿಯುತ್ತದೆ. ಆಗಾಗಲೇ ಬೇಕಾದಷ್ಟೇ ಬೆರೆಸಬೇಕು. ಉಳಿದದ್ದನ್ನು ಕೂಡಲೇ ಆಮ್ಲ ಹಾಕಿ ಕೆಡಿಸಬೇಕು. ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ರಾಯದುರ್ಗದಿಂದ

ಸುಮ್ನೆ ಒಂದು ಪ್ರಶ್ನೆ. ಕೇವಲ 300 ತಟ್ಟೆಗೆ ಫಾದರ್, ಮದರ್ ಅಂತ ಇಷ್ಟೆಲ್ಲ ಯಾಕೆ? ಫಾದರನ್ನೇ ಪ್ರೆಸ್ಸಿಗೆ ಹಾಕಿದರೆ ಆಗುವುದಿಲ್ಲವಾ? ಅದೂ ಉಬ್ಬು ಗೆರೆಯದ್ದೇ ತಾನೆ.

ಹೊಸೂರು ಪ್ಲೇಟರ್

ಆಗುತ್ತದೆ. ಕಡಿಮೆ ಪ್ರತಿ ಇದ್ದರೆ ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ಎರಡು ಸಲದ ಪ್ಲೇಟಿಂಗ್ ಖರ್ಚು ಉಳಿಯುತ್ತದೆ. ಎರಡು ಸಲ ನಕಲು ಮಾಡುವಾಗ ಸೇರುವ ಗದ್ದಲವೂ ಇರುವುದಿಲ್ಲ. 300ಕ್ಕೆ ನನ್ನ ಮತ ಅದಕ್ಕೇ.

ಹಳೇ ಪ್ರೆಸ್ಸಿನವ, ಅಕ್ಕಲಕೋಟೆ

ನಾನು ಒಪ್ಪುವುದಿಲ್ಲ. ಮುಂಬಯಿಯಲ್ಲಿ ರೆಕಾರ್ಡ್ ಕಾರ್ಖಾನೆಯಲ್ಲಿ ದುಡಿದು ಬಂದವನು ನಾನು. ಈಗ ಊರಿನಲ್ಲೇ ಇದ್ದೇನೆ. ಫಾದರನ್ನು ಕಳಚುವಾಗಲೇ ಲ್ಯಾಕರ್ ಹಾಳಾಗುತ್ತದೆ. ಅಂದರೆ ಆಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಒಂದೇ ಒಂದು ಲೋಹದ ತಟ್ಟೆ. ಅದನ್ನೇ ಪ್ರೆಸ್ಸಿಗೆ ಹಾಕುತ್ತೀರಿ. ಬಿಸ್ಕತ್ತಿನ ಜೊತೆ, ಅಂದರೆ ತಟ್ಟೆಯಾಗುವ ಬಿಸಿ ವಿನೈಲ್ ಮುದ್ದೆಯ ಜೊತೆ, ಒಂದು ಗಟ್ಟಿ ಕಣ ಸಿಕ್ಕಿಕೊಂಡಿತು ಅಂತ ಇಟ್ಟುಕೊಳ್ಳಿ. ನೂರು ಟನ್ ಒತ್ತಡ ಅದು. ಫಾದರಿಗೆ ತಗ್ಗು ಬಿತ್ತು ಅಂದರೆ ಮುಗಿಯಿತು. ಭಾಗವತರ ಹಾಡು ಮತ್ತೆ ಬೇಕು ಅಂದರೆ ಮತ್ತೆ ಲ್ಯಾಕರ್ ಕೊರೆಸಬೇಕು. ಮದರ್ ಇದ್ದರೆ ಇನ್ನೊಂದು ಸ್ಟ್ಯಾಂಪರ್ ಬೆಳೆಸಿಕೊಂಡು ಕೆಲಸ ಮುಂದುವರಿಸಬಹುದು.

ಸಿನಿಮಾ ಹಾಡಾದರೆ ಹೋಗಲಿ, ಇನ್ನೊಂದು ಕಡೆ ಸಿಗುತ್ತದೆ. ಇದು ಯಕ್ಷಗಾನ. ನೀವು ಉಳಿಸಲು ಹೊರಟಿದ್ದೀರಿ ಅಂದ ಮೇಲೆ ಮದರ್ ಬೇಕೇ ಬೇಕು.

ಇನ್ನೊಂದು ಕಾರಣವೂ ಇದೆ. ಮದರನ್ನು ಕೇಳಲು ಆಗುತ್ತದೆ. ನಮ್ಮಲ್ಲಿ ಅದಕ್ಕೇ ಒಬ್ಬರು ಇದ್ದರು. ಹೆಡ್‌ಫೋನ್ ಹಾಕಿಕೊಂಡು ನಿಕ್ಕಲ್ ತಟ್ಟೆಯನ್ನು ಮೊದಲಿನಿಂದ ಕೊನೆವರೆಗೆ ಕೇಳುತ್ತಿದ್ದರು. ಟಿಕ್ ಬಂದ ಕೂಡಲೇ ತಿರುಗುವುದನ್ನು ನಿಲ್ಲಿಸಿ, ಬೆರಳಿನಿಂದ ತಟ್ಟೆಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿ ಜಾಗ ಹುಡುಕುತ್ತಿದ್ದರು. ಮೈಕ್ರೋಸ್ಕೋಪಿನ ಕೆಳಗೆ ನೋಡಿದರೆ ಗೆರೆಯ ಗೋಡೆಗೆ ಅಂಟಿದ ಒಂದು ನಿಕ್ಕಲ್ ಚೂರು ಹೊಳೆಯುತ್ತಿರುತ್ತಿತ್ತು. ಸಣ್ಣ ಉಳಿಯಿಂದ ಅದನ್ನಷ್ಟೇ ಎಬ್ಬಿಸಿ ತೆಗೆಯುತ್ತಿದ್ದರು. ಗೋಡೆಗೆ ಗೀರು ಬೀಳಬಾರದು. ಆಗ ಅವರು ಉಸಿರನ್ನೂ ಬಿಗಿ ಹಿಡಿಯುತ್ತಿದ್ದರು. ಫಾದರನ್ನೇ ಒತ್ತಿದರೆ ಈ ಪರೀಕ್ಷೆಯೇ ಇಲ್ಲ. ದೋಷ ಗೊತ್ತಾಗುವುದು ತಟ್ಟೆ ಒತ್ತಿ ಆದ ಮೇಲೆ.

ಹೊಸೂರು ಪ್ಲೇಟರ್

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಪ್ರತಿ ಕಡಿಮೆ, ಖರ್ಚು ಮುಖ್ಯ ಅನ್ನುವವರಿಗೆ ಒಂದೇ ಹಂತ ಸರಿ ಅಂತ ಈಗಲೂ ಹೇಳುತ್ತೇನೆ. ಆದರೆ ಉಳಿಸುವುದೇ ಉದ್ದೇಶ ಆದರೆ ಮದರ್ ಇರಲಿ. ಒಂದು ಕೇಳಬೇಕಿತ್ತು. ಫಾದರ್ ಮೇಲೆ ಮದರ್ ಬೆಳೆಸುವಾಗ ನಿಕ್ಕಲ್ಲಿನ ಮೇಲೆ ನಿಕ್ಕಲ್ ಕಚ್ಚಿಕೊಳ್ಳದ ಹಾಗೆ ನೀವು ಏನು ಮಾಡುತ್ತಿದ್ದಿರಿ? ಡೈಕ್ರೋಮೇಟಾ?

ಹಳೇ ಪ್ರೆಸ್ಸಿನವ, ಅಕ್ಕಲಕೋಟೆ

ಹೌದು, ಡೈಕ್ರೋಮೇಟ್ ನೀರಿನಲ್ಲಿ ಅದ್ದುತ್ತಿದ್ದೆವು. ನಿಕ್ಕಲ್ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಆಗುತ್ತದೆ. ಕರೆಂಟು ಹಾಯುತ್ತದೆ, ಆದರೆ ಮೇಲಿನ ನಿಕ್ಕಲ್ ಬೇರು ಬಿಡುವುದಿಲ್ಲ. ಅದಕ್ಕೂ ಮೊದಲು ಫಾದರ್ ಮೇಲೆ ಉಳಿದ ಬೆಳ್ಳಿಯನ್ನು ಪೂರಾ ತೆಗೆದಿರಬೇಕು. ಲ್ಯಾಕರಿನಿಂದ ಕಳಚುವಾಗ ಬೆಳ್ಳಿ ನಿಕ್ಕಲ್ಲಿನ ಜೊತೆಗೇ ಬರುತ್ತದೆ. ಒಂದು ಮೂಲೆಯಲ್ಲಿ ಬೆಳ್ಳಿ ಉಳಿದರೂ ಅಲ್ಲಿ ಮದರಿಗೆ ಕಲೆ ಬೀಳುತ್ತದೆ.

ಕಳಚುವುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟೋ ತಟ್ಟೆ ಹಾಳಾಗುವುದು ಆ ಗಳಿಗೆಯಲ್ಲಿ. ಅಂಚಿನಲ್ಲಿ ಬೆಳೆದ ನಿಕ್ಕಲನ್ನು ಮೊದಲು ಸುತ್ತಲೂ ಕತ್ತರಿಸಬೇಕು ಅಥವಾ ಉಜ್ಜಿ ತೆಗೆಯಬೇಕು. ಆಮೇಲೆ ಒಂದು ಕಡೆ ತೆಳು ಅಲಗು ತೂರಿಸಿ ಸ್ವಲ್ಪ ಎತ್ತಿದರೆ ಒಳಗೆ ಗಾಳಿ ನುಗ್ಗುತ್ತದೆ. ಚರ್ ಅಂತ ಒಂದು ಸದ್ದು ತಟ್ಟೆಯ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಅಷ್ಟರಲ್ಲಿ ಎಳೆದುಬಿಟ್ಟರೆ ಲೋಹ ಮಡಿಚಿಕೊಳ್ಳುತ್ತದೆ. ಮಡಿಚಿದ ಗುರುತು ಮತ್ತೆ ಹೋಗುವುದಿಲ್ಲ. ಗಾಳಿಯೇ ಬಿಡಿಸಲಿ ಅಂತ ಕಾಯಬೇಕು. ಹೊಸಬರಿಗೆ ನಾವು ಹಾಳಾದ ಲ್ಯಾಕರಿನಲ್ಲೇ ಕೈ ಪಳಗಿಸುತ್ತಿದ್ದೆವು.

ಮಿರಜದ ತಟ್ಟೆ ಪೆಟ್ಟಿಗೆ

ನಾನು ಪ್ಲೇಟಿಂಗ್ ಬಲ್ಲವನಲ್ಲ, ಹಳೇ ತಟ್ಟೆ ಕೂಡಿಸುವವನು. ಉಸ್ತಾದ್ ಅಬ್ದುಲ್ ಕರೀಂ ಖಾನರು ಬದುಕಿದ ಊರು ನಮ್ಮದು. 1937ರಲ್ಲಿ ಅವರು ತೀರಿಕೊಂಡರು. ಅವರ ದನಿ ಇವತ್ತಿಗೂ ಕೇಳಸಿಗುವುದು ಆಗ ಮಾಡಿದ 78ರ ತಟ್ಟೆಗಳಿಂದ. ಯಾರೋ ಒಬ್ಬರು ಆಗ ಮೇಣದ ಮೇಲೆ ಸರಿಯಾಗಿ ಲೋಹ ಕೂರಿಸಿದ್ದರಿಂದಲೇ ಅದು ಉಳಿಯಿತು. ಈ ಚರ್ಚೆ ಓದುವಾಗ ನನಗೆ ಅದೇ ಮನಸ್ಸಿನಲ್ಲಿ ಓಡುತ್ತಿತ್ತು.

ಆಗ ಲ್ಯಾಕರ್ ಇರಲಿಲ್ಲ. ದಪ್ಪ ಮೇಣದ ತಟ್ಟೆಯಲ್ಲಿ ಕೊರೆದು, ಕರೆಂಟು ಹರಿಯಲು ಅದರ ಮೇಲೆ ಗ್ರಾಫೈಟ್ ಪುಡಿ ಬಳಿದು, ತಾಮ್ರ ಬೆಳೆಸುತ್ತಿದ್ದರು. ಗ್ರಾಫೈಟಿನ ಕಾಳುಗಳೇ ಹಳೇ ತಟ್ಟೆಯ ಗರಗರಕ್ಕೆ ಒಂದು ಕಾರಣ. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ ಇಲ್ಲಿ ಕಾರ್ಖಾನೆಯೇ ಇರಲಿಲ್ಲ. ಮೇಣ ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಯಿತು. ತಟ್ಟೆಯಾಗಿ ವಾಪಸ್ ಬಂತು. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಆಮೇಲೆ ಡಂಡಂ ಕಾರ್ಖಾನೆ ಬಂತು.

ಯಾವ ಮದರಿನಿಂದ, ಯಾವ ಸ್ಟ್ಯಾಂಪರಿನಿಂದ ತಟ್ಟೆ ಒತ್ತಿದ್ದು ಅಂತ ಎಷ್ಟೋ ತಟ್ಟೆಗಳ ಮೇಲೆಯೇ ಬರೆದಿರುತ್ತದೆ. ಇಂಗ್ಲೆಂಡಿನ ಇಎಂಐ ತಟ್ಟೆಗಳಲ್ಲಿ ಲೇಬಲಿನ ಪಕ್ಕದ ಖಾಲಿ ಜಾಗ ನೋಡಿ. ಎಡಕ್ಕೆ ಮದರಿನ ಅಂಕಿ, ಬಲಕ್ಕೆ ಸ್ಟ್ಯಾಂಪರಿನ ಅಕ್ಷರ. ಜಿ ಅಂದರೆ 1, ಆರ್ 2, ಎ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. ಎಡಕ್ಕೆ 1, ಬಲಕ್ಕೆ ಜಿ ಇದ್ದರೆ ಅದು ಮೊದಲ ಮದರಿನ ಮೊದಲ ಸ್ಟ್ಯಾಂಪರಿನದ್ದು. ಕುಂಬಳೆಯವರೇ, ನಿಮ್ಮ ತಟ್ಟೆಯಲ್ಲೂ ಇಂಥ ಗುರುತು ಹಾಕಿಸಿ. ಮುಂದೆ ಎರಡನೇ ಸಲ ಒತ್ತಿಸಿದರೆ ಯಾವುದು ಯಾವುದು ಅಂತ ತಿಳಿಯುತ್ತದೆ.

ಮತ್ತೆ ಅಕ್ಕಲಕೋಟೆಯವರು ಹೇಳಿದ್ದಕ್ಕೆ ನನ್ನದೂ ಒಂದು ಮಾತು. ತಟ್ಟೆಗಳೆಲ್ಲ ಸವೆದ ಮೇಲೂ ಲೋಹದ ಭಾಗ ಉಳಿದಿದ್ದರೆ ಅದರಿಂದಲೇ ಹಾಡು ಎತ್ತಬಹುದು. ಉಬ್ಬು ಗೆರೆಯ ಲೋಹವನ್ನೂ ಕವಲು ಮುಳ್ಳಿನಿಂದ, ತಿರುಗು ದಿಕ್ಕು ಬದಲಿಸಿ ನುಡಿಸುವ ಕ್ರಮ ಇದೆ. ಸವೆಯದ ಲೋಹದಿಂದ ಬರುವ ದನಿ ತಟ್ಟೆಗಿಂತ ಎಷ್ಟೋ ಸ್ವಚ್ಛ.

ಕುಂಬಳೆ ಕೇಳುಗ

ಓದಿ ಮೈ ಜುಮ್ಮೆಂದಿತು. ಹಾಗಾದರೆ ಮದರ್ ಮಾಡಿಸುವುದು ಖಂಡಿತ. ನಮ್ಮ ಗುಂಪಿಗೂ ಇದನ್ನೆಲ್ಲ ಓದಿ ಹೇಳಿದೆ. ಯಾರೂ ಬೇಡ ಅನ್ನಲಿಲ್ಲ.

ಈಗ ಉಳಿದ ಪ್ರಶ್ನೆ ಇದು. ಹೊರದೇಶದಲ್ಲಿ ಕೊರೆಸಿದ ಲ್ಯಾಕರನ್ನು ಇಲ್ಲಿಗೆ ತರಿಸಿ ಹೊಸೂರಿನಲ್ಲೋ ಬೇರೆ ಕಡೆಯೋ ಬೆಳ್ಳಿ ನಿಕ್ಕಲ್ ಮಾಡಿಸುವುದು ಸರಿಯಾ?

ರಸಾಯನ ಮೇಷ್ಟ್ರು, ಮಂಜೇಶ್ವರ

ಬೇಡ. ಲ್ಯಾಕರ್ ಮೆತ್ತಗಿನ ಪದಾರ್ಥ. ಕೊರೆದ ಗಳಿಗೆಯಿಂದಲೇ ಗೆರೆಯ ಗೋಡೆ ಸಡಿಲವಾಗುತ್ತಾ ಹೋಗುತ್ತದೆ. ಮೊದಲು ಮಂಕಾಗುವುದು ಮೇಲಿನ ಆವರ್ತನ, ನಿಮ್ಮ ಚಕ್ರತಾಳ. ಒಂದು ಗೆರೆಯ ಸದ್ದು ಪಕ್ಕದ ಗೆರೆಯಲ್ಲಿ ಸಣ್ಣಗೆ ಮೊದಲೇ ಕೇಳಿಸುವ ದೋಷವೂ ಜಾಸ್ತಿಯಾಗುತ್ತದೆ. ಒಂದೆರಡು ದಿನದಲ್ಲಿ ಬೆಳ್ಳಿ ಕೂರಿಸಿದರೆ ಒಳ್ಳೆಯದು. ವಿಮಾನದ ಸರಕು, ಕಸ್ಟಮ್ಸ್ ಗೋದಾಮು, ನಮ್ಮ ಸೆಖೆ, ಇದನ್ನೆಲ್ಲ ಲ್ಯಾಕರ್ ತಾಳುವುದಿಲ್ಲ.

ಲ್ಯಾಕರ್ ಸುಲಭಕ್ಕೆ ಸಿಗುವ ವಸ್ತುವೂ ಅಲ್ಲ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದ ಮೇಲೆ ಜಗತ್ತಿಗೆ ಮುಖ್ಯವಾಗಿ ಜಪಾನಿನ ಒಂದೇ ಕಂಪನಿಯ ಲ್ಯಾಕರ್ ಉಳಿಯಿತು. ಕೆಡಿಸಿಕೊಂಡು ಮತ್ತೊಂದು ತರಿಸೋಣ ಅನ್ನುವ ಹಾಗಿಲ್ಲ.

ಹೊಸೂರು ಪ್ಲೇಟರ್

ಮೇಷ್ಟ್ರು ಹೇಳಿದ್ದು ಸರಿ. ನನ್ನ ಸಲಹೆ ಹೀಗಿದೆ. ಎಲ್ಲಿ ಕೊರೆಸುತ್ತೀರೋ ಅಲ್ಲೇ ಬೆಳ್ಳಿ, ಫಾದರ್, ಮದರ್ ಆಗಲಿ. ಮದರ್ ಇಲ್ಲಿಗೆ ಬರಲಿ. ನಿಕ್ಕಲ್ ತಟ್ಟೆ ಸೆಖೆಗೆ ಹೆದರುವುದಿಲ್ಲ. ಸ್ಟ್ಯಾಂಪರನ್ನು ಮಾತ್ರ ಇಲ್ಲಿ ಬೆಳೆಸಬಹುದು. ಮದರಿಗೆ ಬೆಳ್ಳಿ ಬೇಡ, ಡೈಕ್ರೋಮೇಟ್ ಸಾಕು. ಲೋಹದ ಮೇಲೆ ಲೋಹ ಆದ್ದರಿಂದ ಬಾತನ್ನು ಶುರುವಿನಿಂದಲೇ 50 ಡಿಗ್ರಿ ಇಡಬಹುದು.

ಇನ್ನೊಂದು ದಾರಿ ಡಿಎಂಎಂ, ಅಂದರೆ ಡೈರೆಕ್ಟ್ ಮೆಟಲ್ ಮಾಸ್ಟರಿಂಗ್. 1980ರ ದಶಕದ ಶುರುವಿನಲ್ಲಿ ಜರ್ಮನಿಯ ಟೆಲ್ಡೆಕ್ ಮತ್ತು ನಾಯ್ಮನ್ ತಂದ ಕ್ರಮ. ಲ್ಯಾಕರ್ ಬದಲು ಸ್ಟೀಲ್ ತಟ್ಟೆಯ ಮೇಲಿನ ತಾಮ್ರದಲ್ಲೇ ವಜ್ರದ ಮುಳ್ಳಿನಿಂದ ಕೊರೆಯುತ್ತಾರೆ. ತಾಮ್ರ ಲೋಹವೇ ಆದ್ದರಿಂದ ಬೆಳ್ಳಿಯ ಹಂತವೇ ಇಲ್ಲ. ಕೊರೆದ ಗೋಡೆ ಸಡಿಲವಾಗುವ ಮಾತೂ ಇಲ್ಲ.

ಯಾರ ಹತ್ತಿರ ಕೇಳಬೇಕು ಅಂದರೆ, ಬೋಲ್ಟಿಗೆ ಪ್ಲೇಟಿಂಗ್ ಮಾಡುವವರನ್ನು ಬಿಡಿ. ಹೊಲೋಗ್ರಾಂ ಮಾಡುವವರನ್ನು ಹುಡುಕಿ. ಸ್ಟಿಕ್ಕರಿನ ಮೇಲೆ ಹೊಳೆಯುವ ಹೊಲೋಗ್ರಾಂ ಒತ್ತುವುದು ನಿಕ್ಕಲ್ ಶಿಮ್ಮಿನಿಂದ, ಅಂದರೆ ತೆಳು ನಿಕ್ಕಲ್ ಅಚ್ಚಿನ ಹಾಳೆಯಿಂದ. ಅವರದ್ದೂ ಸಲ್ಫಮೇಟ್ ಬಾತೇ, ಶುದ್ಧಿಯ ಪಾಠವೂ ಅದೇ. ಅವರಿಗೆ 14 ಇಂಚಿನ ದುಂಡು ತಟ್ಟೆ ತಿರುಗಿಸುವ ವ್ಯವಸ್ಥೆ ಒಂದು ಮಾಡಿಕೊಟ್ಟರೆ ಅರ್ಧ ದಾರಿ ಬಂದ ಹಾಗೆ.

ಹೊಸದಾಗಿ ಟ್ಯಾಂಕ್ ಇಡುತ್ತೇವೆ ಅನ್ನುವವರು ಇದನ್ನೂ ಓದಿ. ಪ್ಲೇಟಿಂಗ್ ಮಾಲಿನ್ಯ ಮಂಡಳಿಯ ಕೆಂಪು ಪಟ್ಟಿಯ ಕೆಲಸ. ನಿಕ್ಕಲ್ ಉಪ್ಪು ಚರ್ಮಕ್ಕೆ ತುರಿ ತರುತ್ತದೆ, ಅದರ ಆವಿ ಎದೆಗೆ ಕೆಟ್ಟದ್ದು, ಕ್ಯಾನ್ಸರಿಗೂ ಕಾರಣ. ತೊಳೆದ ನೀರಿನ ಪಿಎಚ್ 9 ದಾಟಿಸಿ ನಿಕ್ಕಲನ್ನು ಹೈಡ್ರಾಕ್ಸೈಡ್ ಮಾಡಿ ಕೆಳಗಿಳಿಸಬೇಕು. ಹೊರಗೆ ಬಿಡುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಡೈಕ್ರೋಮೇಟಿನದ್ದು ಇನ್ನೂ ಬಿಗಿ. ಕಾಸರಗೋಡಿನ ಕಡೆ ಮುರಕಲ್ಲಿನ ನೆಲ. ಸುರಂಗದ ನೀರು, ಬಾವಿಯ ನೀರು ಕುಡಿಯುವ ಜನ. ಅಲ್ಲಿ ನೆಲಕ್ಕೆ ಬಿಟ್ಟದ್ದು ನೇರ ಬಾವಿಗೇ ಹೋಗುತ್ತದೆ.

ರಾಯದುರ್ಗದಿಂದ

ಸ್ಟ್ಯಾಂಪರ್ ಬೆಳೆದ ಮೇಲೆ ನೇರ ಪ್ರೆಸ್ಸಿಗಾ? ಇನ್ನೇನಾದರೂ ಇದೆಯಾ?

ಹಳೇ ಪ್ರೆಸ್ಸಿನವ, ಅಕ್ಕಲಕೋಟೆ

ಇದೆ. ಮೂರು ಕೆಲಸ. ಮೊದಲನೆಯದು ಬೆನ್ನು ಉಜ್ಜುವುದು. ಸ್ಟ್ಯಾಂಪರಿನ ಹಿಂಭಾಗ ಒರಟಾಗಿದ್ದರೆ ನೂರು ಟನ್ ಒತ್ತಡದಲ್ಲಿ ಆ ಒರಟುತನ ಮುಂದಕ್ಕೂ ಮೂಡುತ್ತದೆ. ತಟ್ಟೆಯಲ್ಲಿ ಗುಂಯ್ ಅನ್ನುವ ಕೆಳ ಸದ್ದು ಬರುವುದು ಎಷ್ಟೋ ಸಲ ಇದರಿಂದ.

ಎರಡನೆಯದು ಮಧ್ಯದ ತೂತು. ಮೈಕ್ರೋಸ್ಕೋಪ್ ಇಟ್ಟು ತಟ್ಟೆ ತಿರುಗಿಸಿ, ಕೊನೆಯ ಮುಚ್ಚಿದ ಗೆರೆ ಅಲ್ಲಾಡದೆ ನಿಲ್ಲುವವರೆಗೆ ಸರಿಸಿ, ಆಮೇಲೆ ತೂತು ಹೊಡೆಯಬೇಕು. ಅದು ತಪ್ಪಿದರೆ ಶ್ರುತಿ ತೂಗಾಡುತ್ತದೆ. ಭಾಗವತರು ಒಂದೇ ಸ್ವರ ಹಿಡಿದು ನಿಲ್ಲಿಸಿದಲ್ಲಿ ಅದು ಎದ್ದು ಕಾಣುತ್ತದೆ.

ಮೂರನೆಯದು ಅಂಚು ಬಗ್ಗಿಸುವುದು. ಇದು ಪ್ರೆಸ್ಸಿನಿಂದ ಪ್ರೆಸ್ಸಿಗೆ ಬೇರೆ. ಹಾಗಾಗಿ ಸ್ಟ್ಯಾಂಪರ್ ಬೆಳೆಸುವ ಮೊದಲೇ ಯಾವ ಕಾರ್ಖಾನೆಯಲ್ಲಿ ಒತ್ತಿಸುತ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ. ಅಂಚಿನ ಆಕಾರ, ತೂತಿನ ಅಳತೆ, ದಪ್ಪ ಮೂರನ್ನೂ ಅವರಿಂದ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಕುಂಬಳೆ ಕೇಳುಗ

ಸರಿ, ಎಲ್ಲ ಬರೆದಿಟ್ಟುಕೊಂಡೆ. ಕೊರೆಯುವವರಿಗೆ ಫಾದರ್, ಮದರ್ ಎರಡನ್ನೂ ನಮ್ಮ ಹೆಸರಿಗೆ ಕೊಡಬೇಕು ಅಂತ ಪತ್ರ ಹಾಕುತ್ತೇವೆ. ಒಂದು ಬದಿಗೆ 20 ನಿಮಿಷ ಮೀರದ ಹಾಗೆ ಪದ ಜೋಡಿಸುತ್ತಿದ್ದೇವೆ, ಯುದ್ಧದ ಪದ ಹೊರಗಿನ ಗೆರೆಗೆ. ಸ್ಟ್ಯಾಂಪರಿಗೆ ಹೊಲೋಗ್ರಾಂನವರನ್ನು ವಿಚಾರಿಸುತ್ತೇವೆ.

ಕೊನೆಯದಾಗಿ ಒಂದು. ಕೆಲಸ ಮುಗಿದ ಮೇಲೆ ಮದರನ್ನು ನಮ್ಮ ಕಡೆಯ ಮಳೆಗಾಲದಲ್ಲಿ ಹೇಗೆ ಇಡುವುದು? ನಮ್ಮಲ್ಲಿ ಜೂನ್ ಬಂತು ಅಂದರೆ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು.

ಹಳೇ ಪ್ರೆಸ್ಸಿನವ, ಅಕ್ಕಲಕೋಟೆ

ಪೂರಾ ತೊಳೆದು ಒಣಗಿಸಿ ಇಡಿ. ಬೆರಳು ಗೆರೆಗೆ ತಾಗಬಾರದು, ಬೆವರಿನ ಉಪ್ಪು ನಿಕ್ಕಲನ್ನೂ ತಿನ್ನುತ್ತದೆ. ಆಮ್ಲ ಇಲ್ಲದ ಕಾಗದದ ಚೀಲದಲ್ಲಿ ಹಾಕಿ, ಆಮೇಲೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಮಳೆಗಾಲದಲ್ಲಿ ಜೆಲ್ ಬಣ್ಣ ಬದಲಾಯಿತಾ ಅಂತ ಆಗಾಗ ನೋಡುತ್ತಾ ಇರಿ. ಫಾದರನ್ನು ಬೇರೆ ಮನೆಯಲ್ಲಿ ಇಡಿ, ಎರಡೂ ಒಂದೇ ಮಾಡಿನ ಕೆಳಗೆ ಬೇಡ.